ಹೊಡೀರಿ, ಸಾಕು

ಗುಜರಿ ಪಾಪಣ್ಣ ಹತ್ತಕ್ಕೆ ಬರುತ್ತಾನೆ, ಹಗ್ಗ ತರುತ್ತಾನೆ.
ಈಗಿನ್ನೂ ಆರೂವರೆ.
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಸ್ವರ್ಣಸಂದ್ರದ ಕೊನೇ ಬೀದಿಗೂ ಇಳಿದಿದೆ.
ಪದ್ಮಿನಿಯ ಬಾನೆಟ್ ಎತ್ತಿ
ಕಡ್ಡಿ ಕೊಟ್ಟು ನಿಲ್ಲಿಸಿದ್ದೇನೆ.

ಎಂಬತ್ತಾರರ ಗಾಡಿ. ಹದಿನೆಂಟು ಸಾವಿರಕ್ಕೆ
ನನ್ನನ್ನು ಕೇಳದೆ ಮಾತು ಕೊಟ್ಟು ಬಂದವರು
ಮೂರು ದಿನದಿಂದ ಪೇಪರಿನ ಹಿಂದೆ ಇದ್ದಾರೆ.
ನಾನೂ ತಟ್ಟೆ ಇಟ್ಟು ಬಡಿಸಿದ್ದಷ್ಟೆ,
ಸಾರಿಗೆ ಉಪ್ಪು ಸಾಕಾ ಎಂದೂ ಕೇಳಿಲ್ಲ.

ಆದರೆ ಟ್ಯೂನಿಂಗಿಗೆ ಇಬ್ಬರು ಬೇಕು.
ಒಬ್ಬರು ಪಾಯಿಂಟ್ ನೋಡಲು, ಒಬ್ಬರು ಚಾವಿ ತಿರುಗಿಸಲು.
"ಎಳಕೊಂಡು ಹೋಗೋದು ಬ್ಯಾಡ.
ಹೋಗೋದಾದ್ರೆ ಓಡ್ಕೊಂಡು ಹೋಗ್ಲಿ"
ಅಂದೆ, ರೇಡಿಯೇಟರಿಗೆ ಹೇಳಿದಂತೆ.
ಪೇಪರು ಮಡಿಚಿದ ಸದ್ದಾಯಿತು.
ಬಂದು ಸೀಟಿನಲ್ಲಿ ಕೂತರು,
ಒಂದು ಕಾಲು ಆಚೆಗೇ ಇಟ್ಟುಕೊಂಡು.

ನಾಲ್ಕೂ ಪ್ಲಗ್ಗು ಬಿಚ್ಚಿ ಮೊರದಲ್ಲಿ ಮಲಗಿಸಿದೆ.
ಒಂದು, ಎರಡು: ಹುರಿದ ಕಾಫಿ ಬೀಜದ ಬಣ್ಣ, ಆರೋಗ್ಯ.
ನಾಲ್ಕನೆಯದು ಒಂಚೂರು ಬಿಳಿಚಿದೆ.
ಮೂರನೆಯದು ಒಲೆಯ ಹಿಂದಿನ ಗೋಡೆ.
ಮಳವಳ್ಳಿ ರಸ್ತೆಯಲ್ಲಿ ಲಾರಿ ಗ್ಯಾರೇಜಿಟ್ಟಿದ್ದ ನಮ್ಮಪ್ಪ
ನಾಟಿವೈದ್ಯ ನಾಲಗೆ ನೋಡಿದಂತೆ ಪ್ಲಗ್ಗು ನೋಡೋನು.
"ಬಾಯಿ ತೆಗೆಸು ಮಗಾ,
ಇಂಜಿನ್ನು ಸುಳ್ಳು ಯೋಳಕ್ಕಿಲ್ಲ."

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ
ಪಾಯಿಂಟಿನ ಒಂದು ತುಟಿಯಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು.
ಮರಳು ಕಾಗದ ಎಳೆದೆ.
ಸಂದು ಅಳೆಯುವ ಅಪ್ಪನ ಗೇಜಿನಲ್ಲಿ ಬೇಕಾದ ಎಲೆಯೇ ಇಲ್ಲ.
ಅದಕ್ಕೂ ಅವನದೇ ಉಪಾಯ:
ಬೀರುವಿನ ಮೇಲಿದ್ದ ಯಾರದೋ ಲಗ್ನಪತ್ರಿಕೆಯ ಅಂಚು.

"ಹೊಡೀರಿ."
ಕ್ಯಾಮು ಅರ್ಧ ಸುತ್ತಿತು.
"ಸಾಕು."
"ಇನ್ನೊಂಚೂರು."
"ಸಾಕು."
ಮೂರು ದಿನದ ಮಾತುಕತೆ ಅಷ್ಟೆ.

ಮುಟ್ಟಬೇಕು, ಬಿಡಬೇಕು, ಬಿಟ್ಟಾಗಲೇ ಕಿಡಿ.
ಇದನ್ನು ಸಂಸಾರಕ್ಕೆ ಹೋಲಿಸುವವರಿದ್ದಾರೆ.
ಅವರು ಪಾಯಿಂಟು ಬಿಗಿ ಮಾಡಿದವರಲ್ಲ.
ಇಲ್ಲಿ ಕಿರುಬೆರಳಿಗೇ ಜಾಗವಿಲ್ಲ,
ಹೋಲಿಕೆ ಎಲ್ಲಿ ತೂರಿಸುವುದು?

ಆಗಲೇ ಸ್ಕ್ರೂ ಬಿತ್ತು. ಕೊತ್ತಂಬರಿ ಕಾಳಿನಷ್ಟು.
ಟಿಣ್ ಎಂದಿತು, ಇನ್ನೆಲ್ಲೋ ಕೆಳಗೆ ಟಿಣ್ ಎಂದಿತು,
ಆಮೇಲೆ ಏನೂ ಇಲ್ಲ.

ನಾನು ಕರೆಯಲಿಲ್ಲ.
ಸೊಸೈಟಿ ಬ್ಯಾಂಕಿನಲ್ಲಿ ಮೂವತ್ತು ವರ್ಷ
ಕೂಡಿ ಕಳೆದ ಮನುಷ್ಯ
ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೆನ್ನೆ ಕೊಟ್ಟು
ಟಾರ್ಚು ಬಿಟ್ಟರು. ಎದ್ದು ಒಳಗೆ ಹೋದರು.
ಕೆಟ್ಟ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ,
ಎಸೀರಿ ಎಂದು ನಾನು ಹನ್ನೆರಡು ಸಲ ಹೇಳಿದ್ದು,
ಲಾಡಿಗೆ ಕಟ್ಟಿ ತಂದು
ಬಾವಿಗೆ ಪಾತಾಳಗರಡಿ ಇಳಿಸಿದಂತೆ ಇಳಿಸಿದರು.

ಮೊದಲು ಬಂದದ್ದು ತುಕ್ಕು ಹಿಡಿದ ಒಂದು ವಾಷರು.
ಎರಡನೇ ಸಲ, ತಲೆಪಿನ್ನು.
"ನಿಂದು" ಎಂದು ಕೈಗಿಟ್ಟರು.
ಸ್ಕ್ರೂ ಬಂದದ್ದು ಐದನೇ ಸಲಕ್ಕೋ ಆರನೇ ಸಲಕ್ಕೋ.
ಇಬ್ಬರೂ ಎಣಿಸಲಿಲ್ಲ.

ಒಂದು, ಮೂರು, ನಾಲ್ಕು, ಎರಡು.
ಮಗ್ಗಿಗೆ ಸೇರದ ಈ ಲೆಕ್ಕ
ಏಳನೇ ವಯಸ್ಸಿಗೇ ನನಗೆ ಬಾಯಿಪಾಠ.
ವೈರು ಸಿಕ್ಕಿಸಿದೆ.
ಕಾರ್ಬೊರೇಟರಿನ ಸ್ಕ್ರೂ ಪೂರ್ತಿ ಒಳಗೆ,
ಮತ್ತೆ ಒಂದೂವರೆ ಸುತ್ತು ಆಚೆ.
"ಹೊಡೀರಿ."

ಕೆಮ್ಮಿತು. ಸೀನಿತು. ಹಿಡಿಯಿತು.

ಸ್ಟೀಲ್ ಲೋಟಕ್ಕೆ ಅರ್ಧ ನೀರು ಹಾಕಿ
ಏರ್ ಕ್ಲೀನರಿನ ಮೇಲಿಟ್ಟೆ.
ನೀರಿನ ಮುಖದ ತುಂಬ ಸುಕ್ಕು.
ಕಾಲು ಸುತ್ತು ಎಡಕ್ಕೆ.
ಇನ್ನೊಂದು ಕೂದಲೆಳೆ.
ಕಾದ ಹಾಲಿನ ಕೆನೆಯಂತೆ ನೀರು ನಿಂತಿತು.
ಅವರೂ ಇಳಿದು ಬಂದು ಲೋಟದೊಳಗೆ ನೋಡಿದರು,
ಅಲ್ಲಿ ಏನೋ ಬರೆದಿರುವ ಹಾಗೆ.

ಪಾಪಣ್ಣ ಬಂದ. ಗೇಟಿನಲ್ಲೇ ನಿಂತು ಕಿವಿಗೊಟ್ಟ.
ಹಗ್ಗ ಹೆಗಲ ಮೇಲೆಯೇ ಇತ್ತು.
"ಓಡೋ ಗಾಡಿ ಅಂತ ಯೋಳ್ನೇ ಇಲ್ವಲ್ಲ ಸಾ?
ಇಪ್ಪತ್ತೈದು ತಗಳಿ, ಅತ್ಲಾಗೆ."

ಅವರು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ನಾನು ಬಚ್ಚಲಿಗೆ ಬಂದೆ.
ಗ್ರೀಸಿಗೆ ಸೋಪು ಸಾಲದು.
ಕೊಬ್ಬರಿ ಎಣ್ಣೆ, ಅದರ ಮೇಲೆ ಒಂದು ಹಿಡಿ ಸಕ್ಕರೆ.
ನಮ್ಮೂರಲ್ಲಿ ಅದಕ್ಕೇನು ಬರ!
ಉಜ್ಜಿದಷ್ಟೂ ಕಪ್ಪು ಪಾಕ ಇಳಿಯುತ್ತದೆ,
ಉಗುರಿನ ಸಂದಿಯದು ಮಾತ್ರ ಜಪ್ಪಯ್ಯ ಅನ್ನುವುದಿಲ್ಲ.

ಆಚೆ ಇಂಜಿನ್ನು ಇನ್ನೂ ಓಡುತ್ತಲೇ ಇದೆ.
ಚಾವಿ ಅವರ ಕೈಯಲ್ಲಿದೆ.