ಸಡಿಲ ಹಗ್ಗ

ಮಾರ್ಚಿಯ ಮೊದಲ ವಾರ. ಕೆರೆಯ ಮೇಲೆ ಇನ್ನೂ
ಮೊಳ ದಪ್ಪ ಮಂಜುಗಡ್ಡೆ.
ಇಂಗೆಗೆರ್ಡ್ ಟೀಚರು ಗರಗಸ ಹಿಡಿದು
ಬಾಗಿಲಿನಷ್ಟಗಲ ಕೊಯ್ದು ತೆಗೆದಿದ್ದಾರೆ:
ಕಪ್ಪು ನೀರು, ಕದಲದೆ, ನಮ್ಮನ್ನೇ ನೋಡುತ್ತ.

ಸ್ವೀಡನ್ನಿನ ಈ ಬಡಗಣ ಮೂಲೆಯಲ್ಲಿ
ಮಗ್ಗಿಯ ಜೊತೆಗೆ ಇದೂ ಒಂದು ಪಾಠ:
ಬೂಟು ತೊಟ್ಟು, ಬೆನ್ನಿಗೆ ಚೀಲ ಬಿಗಿದು,
ಕೊರಳಿಗೆ ಎರಡು ಹಿಡಿಮೊಳೆ ಜೋತುಹಾಕಿ
ಗೊತ್ತಿದ್ದೂ ಗೊತ್ತಿದ್ದೂ ಬೀಳುವುದು.

ನೀರಿಗಿಳಿದವರಿಗೆ ಚಳಿಯೇನು ಎಂದವರು
ಈ ನೀರಿಗೆ ಇಳಿದವರಲ್ಲ.

ಒಬ್ಬೊಬ್ಬ ಮಗುವಿನ ಸೊಂಟಕ್ಕೆ ಹಗ್ಗ. ತುದಿಯಲ್ಲಿ
ಒಬ್ಬ ಅಪ್ಪ, ಇಲ್ಲವೇ ಅಮ್ಮ.
ಆಲ್ವಾರನ ಹಗ್ಗದ ತುದಿಗೆ ನಾನು:
ಅವನ ತಾಯಿ ಎರಡು ವರ್ಷದ ಹಿಂದೆ ಮದುವೆಯಾದವನು,
ಅವನು ಹೆಸರು ಹಿಡಿದು ಕರೆಯುವವನು, ಅದೂ ಅಪರೂಪಕ್ಕೆ.
ಲೆಕ್ಕ ತಪ್ಪಿದರೆ ಹಾಳೆಯನ್ನೇ ಹರಿಯುವ ಹುಡುಗ.
ಹೊಸ ಹಾಳೆ ನಾನೇ ತಂದಿಡುತ್ತೇನೆ, ಅವನು ಕೇಳುವ ಮೊದಲೇ.

"ಎಳೆಯಕೂಡದು" ಎಂದರು ಟೀಚರು, ಮಕ್ಕಳಿಗಲ್ಲ, ನಮಗೆ.
"ಮುಳುಗಿದರೆ ಮಾತ್ರ. ಕೂಗಿದರೆ ಅಲ್ಲ."
ಆಮೇಲೆ ಮಕ್ಕಳ ಕಡೆ ತಿರುಗಿ:
"ಮೊದಲು ಉಸಿರು. ಮಿಕ್ಕದ್ದೆಲ್ಲ ಆಮೇಲೆ.
ಬಂದ ದಾರಿಗೇ ತಿರುಗಿ. ಮುಂದಿನ ಗಡ್ಡೆ ಹೇಗೋ ಏನೋ,
ಹಿಂದಿನದು ಒಮ್ಮೆ ನಿಮ್ಮನ್ನು ಹೊತ್ತಿದೆ.
ಮೊಳೆ ಚುಚ್ಚಿ, ಕಾಲು ಬಡಿದು, ಮೀನಿನ ಹಾಗೆ ಮೇಲೆ ಬನ್ನಿ.
ಬಂದ ಕೂಡಲೆ ಎದ್ದು ನಿಲ್ಲಬೇಡಿ. ಉರುಳಿ."

ತೂವಾ ಬಿದ್ದಳು, ಬಯ್ಯುತ್ತ ಮೇಲೆದ್ದಳು. ಎಲ್ಲರೂ ನಕ್ಕರು.
ಆಮೇಲೆ ಆಲ್ವಾರ್.

ಬಿದ್ದ ಸದ್ದು ದೊಡ್ಡದಲ್ಲ. ಟೋಪಿ ತೇಲಿತು.
ಬಾಯಿ ತೆರೆದೇ ಇತ್ತು, ಗಾಳಿ ಒಳಗೂ ಇಲ್ಲ, ಹೊರಗೂ ಇಲ್ಲ.
ಕಣ್ಣು ಅಂಚಿನುದ್ದ ತಡಕಾಡಿ
ನನ್ನ ಮೇಲೆ ಬಂದು ನಿಂತಿತು.
ನಾಲ್ಕು ಮಾರು ಹಗ್ಗ ನಮ್ಮಿಬ್ಬರ ನಡುವೆ
ಹಿಮದ ಮೇಲೆ ಸುಮ್ಮನೆ ಬಿದ್ದಿತ್ತು.
ಉಸಿರು ಬಂತು. ಮೊದಲು ಅವನಿಗೆ.

ಮೊಳೆ ಜಾರಿತು. ಮತ್ತೆ ಚುಚ್ಚಿದ. ಅಂಚು ಮುರಿಯಿತು.
ಇನ್ನೊಂದು ಅಂಚು. ಎದೆ ಮೇಲೆ ಬಂತು, ಸೊಂಟ ಬರಲಿಲ್ಲ.
ನನ್ನ ತೋಳಿನೊಳಗೆ ಯಾರೋ ಅರಚುತ್ತಿದ್ದರು.
ಆಗ ಎಳೆದೆ.
ಒಂದು ಗೇಣು. ಗೇಣೂ ಅಲ್ಲ, ನಾಲ್ಕು ಬೆರಳು,
ಸಡಿಲ ಹೋಗಿ ಹಗ್ಗ ನೆಟ್ಟಗಾಗುವಷ್ಟು.
ಅದು ಅವನಿಗೆ ತಗುಲಿತೋ ಇಲ್ಲವೋ.
ಟೀಚರು ಬೇರೆಲ್ಲೋ ನೋಡುತ್ತಿದ್ದರು, ಅಥವಾ ಹಾಗೆ ನಟಿಸಿದರು.

ಉರುಳಿದ, ಉರುಳಿದ,
ನನ್ನ ಬೂಟಿಗೆ ಬಂದು ತಾಗುವ ತನಕ.

ಡೇರೆಯಲ್ಲಿ ಕಂಬಳಿ, ಬಿಸಿ ಬ್ಲೂಬೆರಿ ಸೂಪು.
ಹಲ್ಲು ಕಟಕಟಿಸುವ ಸಂದಿಯಲ್ಲಿ ಹೇಳಿದ:
"ನೀನು ಎಳೆಯಲೇ ಇಲ್ಲ, ಸ್ತೂರೆ."
ದೂರೋ, ಮೆಚ್ಚುಗೆಯೋ. ಕೇಳಲು ಧೈರ್ಯ ಸಾಲಲಿಲ್ಲ.
ಆ ನಾಲ್ಕು ಬೆರಳು ಇವತ್ತಿಗೂ ನನ್ನಲ್ಲೇ ಇವೆ.

ಮನೆಗೆ ಕೆರೆಯ ಮೇಲಿಂದಲೇ ನಡೆದೆವು,
ಅವನು ಮುಂದೆ, ಕೋಲಿನಿಂದ ಗಡ್ಡೆ ಕುಟ್ಟುತ್ತ.
ಹೊಳೆ ಬಂದು ಸೇರುವಲ್ಲಿ ಸದ್ದು ಬೇರೆಯಾಯಿತು, ಪೊಳ್ಳು.
ನಿಂತ. ಹಿಂತಿರುಗಿ ನೋಡದೆಯೇ
ಕೈ ಎತ್ತಿದ, ನನಗೆ:
ಅಲ್ಲೇ ನಿಲ್ಲು.