ಮುರಕಲ್ಲಿನ ಕಡಗ

ಗುಜರಿ ಪೊಡಿಯಬ್ಬ ತೂಗಿ ಕೊಟ್ಟದ್ದು
ಸೀಳಿದ ಹಂಡೆಯ ಕಂಠ, ಮುಕ್ಕಾಲು ಕಿಲೋ ತಾಮ್ರ.
ಕಲ್ಲು? ಪೆರ್ಲದ ಕೋರೆಯದು,
ಗರಗಸದ ಬಾಯಿಂದ ಜಾರಿದ ಚೂರು.

"ಮುರಕಲ್ಲು ಗೋಡೆಗೆ, ಮೈಗಲ್ಲ" ಎಂದರು ಅಪ್ಪ,
ಚಿನ್ನವನ್ನಷ್ಟೇ ನಂಬಿದ ಕೈ ಅವರದು.

ಕೊರೆಯಲು ಹೋದರೆ ಉದುರುತ್ತದೆ.
ಅರ ಮುಟ್ಟಿದರೆ ಪುಡಿ.
ಮೂರು ಒಡೆದೆ. ನಾಲ್ಕನೆಯದನ್ನು
ಸುಮ್ಮನೆ ಬೆಳಕಿಗೆ ಹಿಡಿದೆ:
ತೂತುಗಳು ಮೊದಲೇ ಇದ್ದವು.

ಕಾಸಿ ತಣಿಸಿದ ತಂತಿ
ತಾನೇ ದಾರಿ ಹುಡುಕಿತು,
ಹುತ್ತದೊಳಗಿನ ಒರಲೆಯ ಹಾಗೆ.

ಕೋರೆಯ ಸುಂದರಿ ಬಂದು ತೊಟ್ಟಳು,
ಮೊಣಕೈವರೆಗೆ ಏರಿಸಿ, ಇಳಿಸಿ ನೋಡಿದಳು,
ಇಪ್ಪತ್ತು ವರ್ಷ ಇದನ್ನೇ ತಲೆಮೇಲೆ ಹೊತ್ತವಳು.
"ಏತ್?" ಎಂದಳು. ಹೇಳಿದೆ.
"ಕಲ್ಲಿಗೋ, ಕೂಲಿಗೋ?"

ನಾನು ಬಾಯಿ ತೆರೆಯುವ ಮೊದಲೇ ಕಳಚಿಟ್ಟು,
ಮಣಿಕಟ್ಟಿನ ಸುತ್ತ ಬಳೆಯಂತೆ ಉಳಿದ ಕೆಂಪು ದೂಳನ್ನು
ಒರೆಸಿಕೊಳ್ಳದೆ ಹೋದಳು.