ಒಣಗುವ ತನಕ

ಚೋಯ್ಬಾಲ್ಸಾನಿನ ಆಸ್ಪತ್ರೆ. ಬೆಳಗಿನ ಜಾವ ನಾಲ್ಕು.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಒಳಗೆ ಲುವ್ಸಂದಾಶ್ ಅಜ್ಜನ ಮೈ
ಮೂವತ್ತೊಂಬತ್ತರ ಮೇಲೆ.
ನಡುಕ ಹತ್ತಿದೆ, ಹಲ್ಲು ಕಟಕಟ.

ಬಾಟಲಿಗಳ ಮುಚ್ಚಳ ಎಗರಿಸಿ
ರಬ್ಬರಿನ ನೆತ್ತಿ ಒರೆಸಿಟ್ಟೆ.
ಪಟ್ಟಿ ಬಿಗಿದು ನರ ಹುಡುಕಿದೆ.
ಸಿಕ್ಕಿತು, ಹಳೆ ಹಗ್ಗದಂಥದು, ಜಾರುವಂಥದು.
ಪಟ್ಟಿ ಸಡಿಲಿಸಿ, ಔಷಧಿಯ ಹತ್ತಿ ಹಿಡಿದು
ಆ ಕಡೆ ಈ ಕಡೆ, ಮೇಲೆ ಕೆಳಗೆ,
ಪಾತ್ರೆಯ ತಳದಲ್ಲಿ ಸೀದ ಹಾಲು ತಿಕ್ಕುವ ಹಾಗೆ
ಮೂವತ್ತು ಎಣಿಸುವ ತನಕ.

"ವೋಡ್ಕಾ ವಾಸನೆ," ಎಂದರು ಅಜ್ಜ, ಕಣ್ಣು ತೆರೆಯದೆ.
"ಉಂಗುರದ ಬೆರಳದ್ದಿ ಮೊದಲ ಹನಿ
ಆಕಾಶಕ್ಕೆ ಚಿಮುಕಿಸಿದೆಯಾ?"
ಇಲ್ಲ ಅಜ್ಜ, ಇದು ಪೂರ್ತಿ ನಿಮ್ಮ ತೋಳಿಗೇ.

ಇನ್ನು ಕಾಯಬೇಕು.
ಒಣಗುತ್ತ ಒಣಗುತ್ತಲೇ ಅದರ ಕೆಲಸ.
ಅಜ್ಜನಿಗೆ ನನ್ನ ಮೇಲೆ ಕರುಣೆ ಬಂತೋ ಏನೋ,
ತುಟಿ ಮುಂದೆ ಮಾಡಿ
ಬಿಸಿ ಚಹಾ ಆರಿಸುವವರಂತೆ
ಉಫ್ ಎಂದು ಊದಿಯೇಬಿಟ್ಟರು ತೋಳಿನ ಮೇಲೆ.

ನಗು ಬಂತು. ಅಳುವೂ ಬರಬಹುದಿತ್ತು.
ಇನ್ನೊಂದು ಹತ್ತಿ. ಮತ್ತೆ ಒಂದರಿಂದ.

ಹೋದ ತಿಂಗಳು ನಾನು ಮತ್ತೆ ಒಂದರಿಂದ ಎಣಿಸಲಿಲ್ಲ.
ಒರೆಸಿದ ಜಾಗವನ್ನು ಬೆರಳು ಇನ್ನೊಮ್ಮೆ ಮುಟ್ಟಿತು,
ನರ ಅಲ್ಲೇ ಇದೆಯಾ ಎಂದು, ಅಷ್ಟೇ.
ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವರು
ತಿರುಗಿ ಬಂದು ಜಗ್ಗಿ ನೋಡುವುದಿಲ್ಲವೇ, ಹಾಗೆ.
ಮರುದಿನ ಲ್ಯಾಬಿನ ನನ್ಸಲ್ಮಾ ಫೋನು ಮಾಡಿದಳು:
"ಬೆಳೆದಿದೆ."
ಬೆಳೆದದ್ದು ಆ ಹೆಂಗಸಿನ ರಕ್ತದಲ್ಲಿದ್ದದ್ದಲ್ಲ,
ಎಲ್ಲರ ಚರ್ಮದ ಮೇಲೂ
ಬಾಡಿಗೆ ಕೊಡದೆ ವಾಸ ಇರುವಂಥದು.
ಅದು ಖಾತ್ರಿಯಾಗುವಷ್ಟರಲ್ಲಿ ಆರು ದಿನ
ಬೇಡದ ಔಷಧಿ ಹನಿಹನಿಯಾಗಿ ಅವಳ ಕೈಗಿಳಿದಿತ್ತು.
ಮೊಲೆ ಬಿಡದ ಮಗು ಎಂಬತ್ತು ಮೈಲಿ ಆಚೆ
ಗೆರ್ ಗುಡಾರದಲ್ಲಿ, ಅತ್ತಿಗೆಯ ತೊಡೆಯ ಮೇಲೆ.
ಯಾರೂ ನನ್ನನ್ನು ಬೈಯಲಿಲ್ಲ.
ನನ್ಸಲ್ಮಾ ಮಾತ್ರ ಕೇಳಿದಳು, "ಬೆರಳು?"
"ಬೆರಳು," ಎಂದೆ.

ಇದು ಮಡಿಯಲ್ಲ, ಮೈಲಿಗೆಯೂ ಅಲ್ಲ.
ಮುಟ್ಟಬೇಡ ಎಂಬ ಈ ಮಾತಿನಲ್ಲಿ ಮೇಲು ಕೀಳಿಲ್ಲ.
ನನ್ನ ಬೆರಳ ಮೇಲೆ ನೆರೆದ ಸಂತೆಯೇ
ಅಜ್ಜನ ತೋಳ ಮೇಲೂ.
ರಕ್ತ ಏನನ್ನೋ ಹೇಳಲು ಹೊರಟಿದೆ,
ನಡುವೆ ನಾವು ಬಾಯಿ ಹಾಕಬಾರದು.

ಒಣಗಿತು.
ಪಟ್ಟಿ ಮತ್ತೆ ಬಿಗಿದೆ. ಹೊಸ ಕೈಗವಸು.
ಒಳಗೆ ಬೆರಳು ಚಡಪಡಿಸಿತು, ಮಡಚಿ ಹಿಡಿದೆ.
ನೆನಪೊಂದನ್ನೇ ನಂಬಿ
ಸೂಜಿ.
ಬಂತು, ಕಪ್ಪುಗೆಂಪು, ಅವಸರವಿಲ್ಲದೆ.

ಆಮೇಲೆ ಇನ್ನೊಂದು ತೋಳು, ಅಲ್ಲೂ ಎಲ್ಲ ಮೊದಲಿಂದ.
ಈ ಸಲ ಅಜ್ಜ ತುಟಿ ಬಿಗಿದು, ಮುಖ ಆಚೆ ತಿರುಗಿಸಿ,
ಕುದುರೆ ಕದಿಯಲು ಬಂದವನ ಹಾಗೆ
ಉಸಿರು ಹಿಡಿದು ಮಲಗಿದ್ದರು.
ಉಸಿರಾಡಿ ಅಜ್ಜ, ಉಸಿರಾಡಿ, ಎಂದೆ.

ಲ್ಯಾಬು ಅಂಗಳದಾಚೆ.
ಹೆಸರು, ಹೊತ್ತು, ಯಾವ ತೋಳು, ಎಲ್ಲ ಬರೆದು
ನಾಲ್ಕೂ ಬಾಟಲಿಗಳನ್ನು ಚೀಲದಲ್ಲಿಟ್ಟು
ಕೋಟಿನೊಳಗೆ ಅವುಚಿಕೊಂಡೆ.
"ಚಳಿಯಲ್ಲಿ ಹುಟ್ಟಿದ ಮರಿ ಒಯ್ದ ಹಾಗೆ ಒಯ್ಯುತ್ತೀಯಲ್ಲ,"
ಎಂದರು ಹಿಂದಿನಿಂದ.
"ಏನಾದರೂ ಬೆಳೆಯುತ್ತದಾ ಅದರಲ್ಲಿ?"

ಬೆಳೆದರೆ ನಿಮ್ಮದೇ ಆಗಿರಲಿ ಅಜ್ಜ, ಎಂದೆ,
ಮೊಣಕೈಯಿಂದ ಬಾಗಿಲು ತಳ್ಳುತ್ತ.